ಕೇಳದೆ ಬಂದ ಕ್ರೆಡಿಟ್ ಕಾರ್ಡ್: ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ಹೋದ ಬೇಸಿಗೆಯಲ್ಲಿ ಕಲಬುರಗಿಯ ಬ್ರಹ್ಮಪುರದ ನಮ್ಮ ಕಾಕಾ ಅವರ ಮನೆಗೆ ಒಂದು ದಪ್ಪ ಲಕೋಟೆ ಬಂತು. ಕೊರಿಯರ್ ಹುಡುಗ ಸಹಿ ಹಾಕಿಸಿಕೊಂಡು ಹೋದ ಮೇಲೆ ಒಡೆದು ನೋಡಿದರೆ ಒಳಗೆ ಅವರ ಹೆಸರು ಅಚ್ಚಾಗಿದ್ದ ಕ್ರೆಡಿಟ್ ಕಾರ್ಡ್. ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದ ಕಾಕಾ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಲೂ ಹಿಂಜರಿಯುವ ಮನುಷ್ಯ. "ಇದನ್ನು ಕತ್ತರಿಸಿ ಅಪ್ಪನ ಕೆರೆಗೆ ಎಸೆದು ಬರಲೇನು?" ಎಂದು ಫೋನಿನಲ್ಲಿ ಕೇಳಿದರು. ಚಿಗವ್ವ ಅಷ್ಟರಲ್ಲಾಗಲೇ ಶರಣಬಸವೇಶ್ವರರಿಗೆ ಕಾಯಿ ಒಡೆಸುವ ಹರಕೆ ಹೊತ್ತಾಗಿತ್ತು. "ಏನೂ ಮಾಡಬೇಡಿ ಕಾಕಾ. ಲಕೋಟೆ ಸಮೇತ ಎತ್ತಿಡಿ, ಸಂಜೆ ಬರುತ್ತೇನೆ" ಎಂದೆ.

ನಾನು ಸೂಪರ್ ಮಾರ್ಕೆಟ್ ಬಳಿ ಸಣ್ಣ ಕಚೇರಿ ಇಟ್ಟುಕೊಂಡು ಶಿಕ್ಷಕರ, ಸಣ್ಣ ವ್ಯಾಪಾರಿಗಳ ಆದಾಯ ತೆರಿಗೆ ಲೆಕ್ಕ ಬರೆಯುವವನು. ಇಂಥ ಪತ್ರ ಹಿಡಿದುಕೊಂಡು ಬರುವವರು ನನಗೆ ಹೊಸಬರಲ್ಲ. ಕೆಲವರು ಪತ್ರವನ್ನು ಹರಿದು ಹಾಕಿ, ವರ್ಷದ ನಂತರ ಮನೆ ಸಾಲ ಯಾಕೋ ಮಂಜೂರಾಗುತ್ತಿಲ್ಲ ಎಂದು ಬರುತ್ತಾರೆ. ಇನ್ನು ಕೆಲವರು ಪತ್ರದಲ್ಲಿದ್ದ ನಂಬರಿಗೆ ತಾವೇ ಫೋನ್ ಮಾಡಿ, ಪಿಂಚಣಿ ಖಾತೆ ಖಾಲಿಯಾದ ಮೇಲೆ ಬರುತ್ತಾರೆ. ಇಬ್ಬರ ತಪ್ಪೂ ಒಂದೇ: ರೋಗ ಯಾವುದೆಂದು ನೋಡುವ ಮೊದಲೇ ಗುಳಿಗೆ ನುಂಗಿದ್ದು. ಹೊರಗಿನಿಂದ ಒಂದೇ ರೀತಿ ಕಾಣುವ ಪತ್ರದ ಹಿಂದೆ ಐದಾರು ಬೇರೆ ಬೇರೆ ಕಾರಣಗಳಿರುತ್ತವೆ, ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಕೇಡು ತರುತ್ತದೆ.

ಮೊದಲ ಗಳಿಗೆಯಲ್ಲಿ

ಪತ್ರದಲ್ಲಿ ಅಚ್ಚಾದ ನಂಬರಿಗೆ ಫೋನ್ ಮಾಡಬೇಡಿ. ಅದರಲ್ಲಿರುವ ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಬೇಡಿ. ಪತ್ರ ಅಸಲಿಯೇ ಇದ್ದೀತು. ಆದರೆ ಅಸಲಿ ಎಂದು ತಿಳಿಯುವ ಮೊದಲೇ ಅದು ತೋರಿಸಿದ ದಾರಿಯಲ್ಲಿ ನಡೆಯುವುದೇಕೆ? ಬ್ಯಾಂಕಿನ ನಂಬರನ್ನು ಬ್ಯಾಂಕಿನ ಜಾಲತಾಣದಿಂದಲೇ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳಿಗೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ಜಾಲ ವಿಳಾಸಕ್ಕೆ ಬರಲು ಹೇಳಿತ್ತು. ಆದ್ದರಿಂದ ವಿಳಾಸದ ಬಾಲ ನೋಡಿದರೆ ಅರ್ಧ ಅನುಮಾನ ಪರಿಹಾರವಾಗುತ್ತದೆ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ನಂಬರು ವಂಚಕರದ್ದೇ ಆಗಿರುವುದೂ ಉಂಟು.

ಎರಡನೆಯದು, ಕಾರ್ಡನ್ನು ಆಕ್ಟಿವೇಟ್ ಮಾಡಬೇಡಿ. "ರದ್ದು ಮಾಡಬೇಕೆಂದರೆ ಮೊದಲು ಆಕ್ಟಿವೇಟ್ ಆಗಬೇಕು ಸರ್, ಓಟಿಪಿ ಹೇಳಿ" ಎಂದು ಸವಿಮಾತಿನಲ್ಲಿ ಕೇಳುವವರು ಇದ್ದಾರೆ. ವಂಚಕರು ಮಾತ್ರ ಹೀಗೆ ಕೇಳುತ್ತಾರೆಂದು ತಿಳಿಯಬೇಡಿ, ತಿಂಗಳ ಗುರಿ ಮುಟ್ಟಬೇಕಾದ ಮಾರಾಟದ ಹುಡುಗರೂ ಕೇಳುತ್ತಾರೆ. ಯಾರೇ ಕೇಳಿದರೂ ಉತ್ತರ ಒಂದೇ: ಇಲ್ಲ.

ಕಾರ್ಡನ್ನು ಕತ್ತರಿಸುವುದೂ ಸದ್ಯಕ್ಕೆ ಬೇಡ, ದುಡ್ಡು ಕಟ್ಟುವುದಂತೂ ಬೇಡವೇ ಬೇಡ. ‘ಬರೀ 590 ರೂಪಾಯಿ ಇದೆ, ಕಟ್ಟಿ ಕೈ ತೊಳೆದುಕೊಳ್ಳೋಣ’ ಎಂದು ಕಟ್ಟಿದರೆ ನಿಮ್ಮದಲ್ಲದ ಸಾಲವನ್ನು ನಿಮ್ಮದೆಂದು ನೀವೇ ಒಪ್ಪಿಕೊಂಡಂತೆ ಕಾಣುತ್ತದೆ. ಲಕೋಟೆಯ ಎರಡೂ ಬದಿ, ಒಳಗಿನ ಪತ್ರ, ಕಾರ್ಡು, ಎಲ್ಲದರ ಫೋಟೋ ತೆಗೆದುಕೊಂಡು, ಬಂದ ದಿನಾಂಕವನ್ನು ಪೆನ್ನಿನಲ್ಲಿ ಬರೆದಿಡಿ. ಫೋಟೋವನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಕಾರ್ಡಿನ ನಂಬರು ಊರೆಲ್ಲ ತಿರುಗುತ್ತದೆ.

ಇದು ನಿಜಕ್ಕೂ ಕ್ರೆಡಿಟ್ ಕಾರ್ಡೇ?

ನಗಬೇಡಿ. ಆಳಂದ ಕಡೆಯ ಒಬ್ಬ ರೈತರು ಬ್ಯಾಂಕಿನ ಪತ್ರ ಹಿಡಿದು ಹೆದರಿಕೊಂಡು ಬಂದಿದ್ದರು. ಪತ್ರದಲ್ಲಿ ‘ಕ್ರೆಡಿಟ್ ಕಾರ್ಡ್’ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಅಚ್ಚಾಗಿತ್ತು. ಅದರ ಹಿಂದಿನ ‘ಕಿಸಾನ್’ ಎಂಬ ಶಬ್ದವನ್ನು ಓದಿ ಹೇಳಿದ ಹುಡುಗ ಬಿಟ್ಟುಬಿಟ್ಟಿದ್ದ. 1998ರಿಂದ ನಡೆದು ಬಂದಿರುವ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲ ಅದು. ತೊಗರಿ ಬಿತ್ತನೆಗೆ ತಾವೇ ತೆಗೆದುಕೊಂಡಿದ್ದು, ನವೀಕರಣದ ಪತ್ರ ಬಂದಿತ್ತು. ಹಾಗೆಯೇ ‘ಈ ಬ್ಯಾಂಕಿನಲ್ಲಿ ನನ್ನ ಖಾತೆಯೇ ಇಲ್ಲ’ ಎನ್ನುವ ಮೊದಲು ಸ್ವಲ್ಪ ನೆನಪಿಸಿಕೊಳ್ಳಿ. ನಮ್ಮ ಭಾಗದ ಹಳೆಯ ನೌಕರರ ಸಂಬಳವೆಲ್ಲ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಖಾತೆಗೆ ಬರುತ್ತಿತ್ತು. ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಹೋಯಿತು. ನಿಮ್ಮ ಹಳೆಯ ಖಾತೆ ಹೊಸ ಹೆಸರಿನಲ್ಲಿ ಪತ್ರ ಬರೆಯುತ್ತಿರಬಹುದು.

ಆಮೇಲೆ ‘ಪ್ರೀ ಅಪ್ರೂವ್ಡ್’ ಪತ್ರಗಳು. ‘ನಿಮಗೆ ಎರಡು ಲಕ್ಷದ ಮಿತಿಯ ಕಾರ್ಡ್ ಮಂಜೂರಾಗಿದೆ’ ಎಂಬ ಅಭಿನಂದನೆಯ ಒಕ್ಕಣೆ ಇರುತ್ತದೆ, ಕಾರ್ಡಿನ ನಂಬರು ಮಾತ್ರ ಎಲ್ಲಿಯೂ ಇರುವುದಿಲ್ಲ. ಅದು ಬರೀ ಜಾಹೀರಾತು. ಕೊನೆಯ ನಾಲ್ಕು ಅಂಕಿ, ಬಿಲ್ಲಿನ ದಿನಾಂಕ, ಬಾಕಿ ಮೊತ್ತ ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಮುಂದೆ ಓದಿ.

ಲಕೋಟೆಯ ಮೇಲಿನ ಕಾಗುಣಿತ

ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ನನ್ನ ಅನುಭವದಲ್ಲಿ ಅರ್ಧ ಉತ್ತರ ಇಲ್ಲಿಯೇ ಸಿಗುತ್ತದೆ.

ಕಲಬುರಗಿಯಲ್ಲಿ ಶರಣಬಸಪ್ಪ ಎಂದು ಬೀದಿಯಲ್ಲಿ ನಿಂತು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಯಾದರೂ ಒಂದೇ ಇದೆಯೇ? ಒಬ್ಬರಿಗೆ ಒಂದು ‘ಪಿ’, ಇನ್ನೊಬ್ಬರಿಗೆ ಎರಡು. ಒಬ್ಬರಿಗೆ ‘ಎಸ್’ ಜೊತೆ ‘ಎಚ್’, ಇನ್ನೊಬ್ಬರಿಗೆ ಬರೀ ‘ಎಸ್’. ಒಬ್ಬನೇ ಮನುಷ್ಯನ ಪ್ಯಾನ್ ಕಾರ್ಡಿನಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯದು. ವರ್ಷವೆಲ್ಲ ನಮಗೆ ತಲೆನೋವು ತರುವ ಈ ಗೊಂದಲ ಇಂಥ ಹೊತ್ತಿನಲ್ಲಿ ಉಪಕಾರಕ್ಕೆ ಬರುತ್ತದೆ. ಲಕೋಟೆಯ ಮೇಲಿನ ಹೆಸರನ್ನು, ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಯಾವ ದಾಖಲೆಯೊಂದಿಗೆ ಹೊಂದುತ್ತದೆಯೋ ಆ ದಾಖಲೆಯಿಂದಲೇ ಅರ್ಜಿ ಹುಟ್ಟಿದೆ.

ಊರಿನ ಹೆಸರೂ ಸಾಕ್ಷಿ ಹೇಳುತ್ತದೆ. ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಲಕೋಟೆಯ ಮೇಲೆ ಇನ್ನೂ ಹಳೆಯ ಹೆಸರು, ನೀವು ಹತ್ತು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆಯ ಗುರುತು ಇದ್ದರೆ ಮಾಹಿತಿ ಯಾವುದೋ ಹಳೆಯ ಕಡತದಿಂದ ಬಂದಿದೆ ಎಂದರ್ಥ. ಕಾಕಾ ಅವರ ಲಕೋಟೆಯ ಮೇಲೆ ವಿಳಾಸ ಇಂದಿನದೇ ಇತ್ತು. ಅವರ ಆಧಾರ್ ಮಾಡಿಸಿದ ದಿನ ಕಂಪ್ಯೂಟರಿನ ಮುಂದೆ ಕುಳಿತಿದ್ದವರು ‘ಹನುಮಾನ್ ಗುಡಿ ಹತ್ತಿರ’ ಎಂಬುದನ್ನು ಬರೆಯುವಾಗ ಒಂದು ಅಕ್ಷರ ನುಂಗಿದ್ದರು. ಲಕೋಟೆಯಲ್ಲೂ ಅದೇ ಅಕ್ಷರ ಮಾಯ. ಕೈಯಿಂದ ಅರ್ಜಿ ತುಂಬಿದವರು ಆ ತಪ್ಪನ್ನು ಹಾಗೆಯೇ ಬರೆಯುವ ಸಂಭವ ಕಡಿಮೆ. ಕಾಕಾ ಅವರ ಆಧಾರ್‌ನಿಂದ ವಿವರ ನೇರವಾಗಿ ಅರ್ಜಿಗೆ ಇಳಿದಿದೆ, ಅಂದರೆ ಯಾರೋ ಅವರಿಂದಲೇ ಓಟಿಪಿಯನ್ನೋ ಬೆರಳಚ್ಚನ್ನೋ ಪಡೆದಿದ್ದಾರೆ ಎಂದು ನನಗೆ ಅಲ್ಲಿಯೇ ಅನುಮಾನ ಬಂತು. "ಯಾರಿಗೂ ಓಟಿಪಿ ಕೊಟ್ಟಿಲ್ಲ" ಎಂದು ಕಾಕಾ ಖಡಾಖಂಡಿತವಾಗಿ ಹೇಳಿದರು. ನಾನು ವಾದಿಸಲಿಲ್ಲ.

ಸಾಲದ ವರದಿ: ಎರಡು ಕೋಣೆ, ಎರಡನ್ನೂ ನೋಡಿ

ಭಾರತದಲ್ಲಿ ಸಾಲದ ಜಾತಕ ಬರೆಯುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ನಾವು ನಾಲ್ಕನ್ನೂ ಸೇರಿಸಿ ‘ಸಿಬಿಲ್’ ಎನ್ನುತ್ತೇವೆ. ಪ್ರತಿಯೊಂದೂ ವರ್ಷಕ್ಕೆ ಒಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. 2017ರಿಂದ ಇದು ನಿಯಮ. ಪ್ಯಾನ್, ಜನ್ಮ ದಿನಾಂಕ, ಮೊಬೈಲ್ ನಂಬರು ಕೊಟ್ಟರೆ ವರದಿ ಸಿಗುತ್ತದೆ. ನಡುವೆ ದುಡ್ಡಿನ ಯೋಜನೆಯ ಪುಟ ಎದುರಾಗುತ್ತದೆ, ಉಚಿತ ವರದಿಯ ಕೊಂಡಿ ಮೂಲೆಯಲ್ಲಿ ಸಣ್ಣಗೆ ಇರುತ್ತದೆ. ಹುಡುಕಿ.

ವರದಿಯಲ್ಲಿ ಎರಡು ಭಾಗಗಳಿವೆ. ‘ಅಕೌಂಟ್’ ಭಾಗದಲ್ಲಿ ನಿಮ್ಮ ಹೆಸರಿನ ಸಾಲ ಮತ್ತು ಕಾರ್ಡುಗಳು. ‘ಎನ್‌ಕ್ವೈರಿ’ ಭಾಗದಲ್ಲಿ ನಿಮ್ಮ ಹೆಸರಿನ ಅರ್ಜಿ ಬಂದಾಗ ಯಾವ ಬ್ಯಾಂಕು, ಯಾವ ದಿನ, ಯಾವ ಉದ್ದೇಶಕ್ಕೆ ನಿಮ್ಮ ಜಾತಕ ತೆರೆದು ನೋಡಿತು ಎಂಬುದು. ಬಹಳ ಜನ ಮೊದಲ ಭಾಗ ನೋಡಿ, ಏನೂ ಇಲ್ಲವೆಂದು ನಿಟ್ಟುಸಿರು ಬಿಟ್ಟು ಮುಚ್ಚಿಬಿಡುತ್ತಾರೆ. ಆಕ್ಟಿವೇಟ್ ಆಗುವ ಮೊದಲು ಹೊಸ ಕಾರ್ಡಿನ ವಿವರವನ್ನು ಈ ಸಂಸ್ಥೆಗಳಿಗೆ ಕಳುಹಿಸಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮ 2022ರಿಂದಲೂ ಹೇಳುತ್ತ ಬಂದಿದೆ. ಆದ್ದರಿಂದ ಕಾರ್ಡು ನಿಮ್ಮ ಕೈಯಲ್ಲೇ ಇದ್ದರೂ ಅಕೌಂಟ್ ಭಾಗ ಖಾಲಿ ಇರಬಹುದು. ಹೆಜ್ಜೆ ಗುರುತು ಇರುವುದು ಎನ್‌ಕ್ವೈರಿ ಭಾಗದಲ್ಲಿ. ಜೊತೆಗೆ, ಅರ್ಜಿ ಬಂದಾಗ ಬ್ಯಾಂಕು ನಾಲ್ಕೂ ಸಂಸ್ಥೆಗಳನ್ನು ಕೇಳಬೇಕೆಂದಿಲ್ಲ, ಒಂದನ್ನೇ ಕೇಳಿ ಸುಮ್ಮನಾಗಬಹುದು. ಹಾಗಾಗಿ ಒಂದೇ ವರದಿ ತೆಗೆದು ನಿಲ್ಲಿಸಬೇಡಿ.

ಕಾಕಾ ಅವರದ್ದು ಮೂರನೆಯ ವರದಿಯಲ್ಲಿ ಸಿಕ್ಕಿತು. ಒಂದೇ ದಿನ ಎರಡು ಎನ್‌ಕ್ವೈರಿ: ಒಂದು ಗೃಹೋಪಯೋಗಿ ವಸ್ತುವಿನ ಸಾಲಕ್ಕೆ, ಇನ್ನೊಂದು ಕ್ರೆಡಿಟ್ ಕಾರ್ಡಿಗೆ. ದಿನಾಂಕ ಓದಿ ಹೇಳಿದೆ. ಚಿಗವ್ವ ಅಡುಗೆ ಮನೆಯಿಂದಲೇ, "ಅವತ್ತು ಮೊಮ್ಮಗಳಿಗೆ ಮೊಬೈಲ್ ತಂದಿರಲ್ಲ!" ಎಂದರು.

ಓಟಿಪಿಯ ಮುಂದಿನ ಸಾಲು

ಪಿಯುಸಿ ಸೇರಿದ ಮೊಮ್ಮಗಳಿಗೆ ಕಾಕಾ ಕಂತಿನ ಮೇಲೆ ಮೊಬೈಲ್ ಕೊಡಿಸಿದ್ದರು. ಅಂಗಡಿಯಲ್ಲಿ ಕಂತಿನ ಕಂಪನಿಯ ಹುಡುಗ ಆಧಾರ್, ಪ್ಯಾನ್ ಕೇಳಿ, ಮುಖದ ಫೋಟೋ ತೆಗೆದುಕೊಂಡು, ‘ನಂಬರ್ ಬಂದಿರುತ್ತದೆ ನೋಡಿ ಮಾಸ್ತರೇ’ ಎಂದು ಎರಡು ಮೂರು ಸಲ ಓಟಿಪಿ ಕೇಳಿದ್ದ. ಕಾಕಾ ಕನ್ನಡಕ ಏರಿಸಿ ಆರಂಕಿ ಓದಿ ಹೇಳಿದ್ದರು. ಅದು ಅವರ ಲೆಕ್ಕದಲ್ಲಿ ‘ಓಟಿಪಿ ಕೊಡುವುದು’ ಆಗಿರಲಿಲ್ಲ. ಫೋನಿನಲ್ಲಿ ಅಪರಿಚಿತರಿಗೆ ಹೇಳಿದರೆ ಮಾತ್ರ ತಪ್ಪು, ಎದುರಿಗೆ ನಿಂತ ಹುಡುಗನಿಗೆ ಹೇಳಿದರೆ ಏನು ಎಂಬುದು ಅವರ ತಿಳುವಳಿಕೆ. ಬಹುತೇಕರ ತಿಳುವಳಿಕೆಯೂ ಅದೇ.

ಅವರ ಮೊಬೈಲ್ ತೆಗೆದು ಆ ದಿನದ ಸಂದೇಶಗಳಿಗೆ ಹೋದೆವು. ಅಳಿಸದೆ ಇಟ್ಟಿದ್ದು ಪುಣ್ಯ. ನಾಲ್ಕು ಸಂದೇಶಗಳಿದ್ದವು. ಮೊದಲಿನದು ಆಧಾರ್ ಓಟಿಪಿ, ಎರಡನೆಯದು ಕಂತಿನ ಸಾಲದ ಒಪ್ಪಿಗೆ. ಮೂರನೆಯದರಲ್ಲಿ ಆರಂಕಿಯ ಮುಂದೆ ಇಂಗ್ಲಿಷಿನಲ್ಲಿ ‘ನಿಮ್ಮ ಕ್ರೆಡಿಟ್ ಕಾರ್ಡ್ ಅರ್ಜಿಗೆ ಒಪ್ಪಿಗೆ ನೀಡಲು’ ಎಂದು ಸ್ಪಷ್ಟವಾಗಿ ಬರೆದಿತ್ತು. ನಾಲ್ಕನೆಯದು ಅಭಿನಂದನೆ. ಕಾಕಾ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ‘ಪ್ರಶ್ನೆ ಪೂರ್ತಿ ಓದಿ ಉತ್ತರ ಬರೆಯಿರಿ’ ಎಂದವರು.

ನೀವೂ ಎನ್‌ಕ್ವೈರಿಯ ದಿನಾಂಕ ಹಿಡಿದು ಆ ದಿನದ, ಅದರ ಹಿಂದಿನ ಒಂದೆರಡು ದಿನದ ಸಂದೇಶಗಳನ್ನು ನೋಡಿ. ಕಳುಹಿಸಿದವರ ಹೆಸರಿನ ಕೊನೆಯ ಅಕ್ಷರವೂ ಸುಳಿವು ಕೊಡುತ್ತದೆ: 2025ರಿಂದ ಜಾಹೀರಾತಿನ ಸಂದೇಶಗಳ ಕೊನೆಗೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರದ್ದಕ್ಕೆ ‘ಜಿ’ ಎಂದು ಇರುತ್ತದೆ. ಬ್ಯಾಂಕಿನ ಹೆಸರು ಹೇಳಿಕೊಂಡು ಮಾಮೂಲಿ ಹತ್ತಂಕಿಯ ನಂಬರಿನಿಂದ ಬಂದ ಸಂದೇಶವನ್ನು ನಂಬಲು ಹೋಗಬೇಡಿ.

ಸಂದೇಶಗಳು ಅಳಿಸಿ ಹೋಗಿದ್ದರೆ ಆಧಾರ್ ಜಾಲತಾಣದಲ್ಲಿ ‘ಅಥೆಂಟಿಕೇಶನ್ ಹಿಸ್ಟರಿ’ ತೆಗೆಯಿರಿ. ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವ ದಿನ, ಎಷ್ಟು ಹೊತ್ತಿಗೆ, ಓಟಿಪಿಯಿಂದಲೋ ಬೆರಳಚ್ಚಿನಿಂದಲೋ ಪರೀಕ್ಷೆಯಾಯಿತು ಎಂಬುದು ಅಲ್ಲಿದೆ. ನೀವು ಹೊಲದಲ್ಲಿದ್ದ ದಿನ ಬೆರಳಚ್ಚು ಬಿದ್ದಿದ್ದರೆ ವಿಷಯ ಗಂಭೀರ. ಅಲ್ಲಿಯೇ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯವಿದೆ, ಮೊದಲು ಅದನ್ನು ಮಾಡಿ.

ಈಗ ರೋಗದ ಹೆಸರು

ವರದಿಗಳು ನಾಲ್ಕೂ ಸ್ವಚ್ಛ, ಎನ್‌ಕ್ವೈರಿಯೂ ಇಲ್ಲ, ಬ್ಯಾಂಕಿನ ಶಾಖೆಯಲ್ಲಿ ವಿಚಾರಿಸಿದರೆ ಅಂಥ ಕಾರ್ಡೇ ಇಲ್ಲ ಎನ್ನುತ್ತಾರೆ: ಬಂದದ್ದು ಗಾಳದ ಪತ್ರ. ‘ಈ ಕಾರ್ಡು ನಿಮ್ಮದಲ್ಲದಿದ್ದರೆ ಕೂಡಲೇ ಇಲ್ಲಿ ಒತ್ತಿ’ ಎಂಬ ಸಾಲೇ ಅದರ ಕೊಕ್ಕೆ. ವಾಟ್ಸಾಪ್‌ನಲ್ಲಿ ಬಂದರೆ ಜೊತೆಗೆ ‘ಎಪಿಕೆ’ ಎಂಬ ಆ್ಯಪ್ ಕಡತ ಇರುತ್ತದೆ. ಅದನ್ನು ಫೋನಿಗೆ ಹಾಕಿಕೊಂಡರೆ ನಿಮಗೆ ಬರುವ ಓಟಿಪಿಗಳನ್ನೆಲ್ಲ ಅವರು ಓದಬಲ್ಲರು. ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿ ಮರೆತುಬಿಡಿ.

ಕಾರ್ಡು ನಿಜ, ಆದರೆ ಯಜಮಾನ ಬೇರೆ: ಇದು ಇಮೇಲ್‌ನಲ್ಲಿ ಹೆಚ್ಚು. ಯಾದಗಿರಿಯ ಒಬ್ಬ ನರ್ಸ್ ಅಕ್ಕನಿಗೆ ಪ್ರತಿ ತಿಂಗಳು ಒಂದು ಕಾರ್ಡಿನ ಬಿಲ್ಲು ಬರುತ್ತಿತ್ತು. ಹೆಸರು ಅವರದೇ, ಖರ್ಚೆಲ್ಲ ಬೀದರಿನದು. ಜಿಮೇಲ್ ವಿಳಾಸದಲ್ಲಿ ಚುಕ್ಕೆ ಇದ್ದರೂ ಇಲ್ಲದಿದ್ದರೂ ಒಂದೇ ಡಬ್ಬಿಗೆ ಬಂದು ಬೀಳುತ್ತದೆ. ಬೀದರಿನಲ್ಲಿ ಅದೇ ಹೆಸರಿನ ಇನ್ನೊಬ್ಬರು ತಮ್ಮ ವಿಳಾಸದ ಒಂದು ಅಂಕಿ ಮರೆತು ಅರ್ಜಿಯಲ್ಲಿ ಬರೆದಿದ್ದರು, ಅಷ್ಟೇ. ಇಲ್ಲಿ ನಿಮ್ಮ ಪ್ಯಾನ್‌ಗೆ ಸಂಬಂಧವಿಲ್ಲ. ‘ಈ ಇಮೇಲ್ ವಿಳಾಸ ನಿಮ್ಮ ಗ್ರಾಹಕರದ್ದಲ್ಲ, ತೆಗೆದುಹಾಕಿ’ ಎಂದು ಬ್ಯಾಂಕಿಗೆ ಬರೆಯಿರಿ. ಕುತೂಹಲಕ್ಕೆಂದು ಪಾಸ್‌ವರ್ಡ್ ಬದಲಿಸಿ ಆ ಖಾತೆಯೊಳಗೆ ಹೋಗಬೇಡಿ, ಹೋದರೆ ಅಪರಾಧ ನಿಮ್ಮದಾಗುತ್ತದೆ. ಕಾಗದದ ಪತ್ರವಾದರೆ ಒಡೆಯದೆ ‘ಈ ವಿಳಾಸದಲ್ಲಿ ಇಲ್ಲ’ ಎಂದು ಬರೆದು ಅಂಚೆಯವರಿಗೆ ಮರಳಿಸಿ.

ಇನ್ನೊಂದು ಇದೆ, ಹೇಳಲು ಮುಜುಗರ. ಮನೆಯವರೇ ಮಾಡಿರುವುದು. ಮಗನೋ ಅಳಿಯನೋ ‘ಅಪ್ಪನ ಹೆಸರಿನಲ್ಲಿ ಸಿಗುತ್ತದೆ’ ಎಂದು ಅರ್ಜಿ ಹಾಕಿರುತ್ತಾರೆ, ಓಟಿಪಿಯನ್ನು ಅಪ್ಪನ ಫೋನಿನಿಂದ ತಾವೇ ನೋಡಿಕೊಂಡಿರುತ್ತಾರೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಮೊದಲು ಮನೆಯಲ್ಲಿ ಒಮ್ಮೆ ಎಲ್ಲರನ್ನೂ ಕೂರಿಸಿ ಕೇಳಿ.

ನಿಮ್ಮದೇ ಪ್ಯಾನ್, ನಿಮ್ಮದೇ ವಿಳಾಸ, ಆಕ್ಟಿವೇಟ್ ಆಗದ ಕಾರ್ಡು, ಎನ್‌ಕ್ವೈರಿ ಯಾವುದೋ ಖರೀದಿಯ ದಿನದ್ದು: ಇದು ಕಾಕಾ ಅವರ ರೋಗ, ನಿಮಗೆ ತಿಳಿಸದೆ ಅಂಟಿಸಿದ ಕಾರ್ಡು. ಕೊನೆಯದು, ಎಲ್ಲಕ್ಕಿಂತ ಕೆಟ್ಟದ್ದು: ಅಕೌಂಟ್ ಭಾಗದಲ್ಲಿ ಕಾರ್ಡು ಇದೆ, ಖರ್ಚಾಗಿದೆ, ಬಾಕಿ ಇದೆ, ಕಾರ್ಡನ್ನು ಮಾತ್ರ ನೀವು ಕಣ್ಣಿನಿಂದಲೂ ನೋಡಿಲ್ಲ.

ಅಂಟಿಸಿದ ಕಾರ್ಡಿಗೆ ಮದ್ದು

ಇಲ್ಲಿ ಪತ್ರದ ಒಕ್ಕಣೆಯೇ ಮುಖ್ಯ. ‘ನನ್ನ ಕಾರ್ಡನ್ನು ಮುಚ್ಚಿ’ ಎಂದು ಬರೆಯಬೇಡಿ. ಮುಚ್ಚಿ ಎಂದರೆ ತೆರೆದದ್ದನ್ನು ಒಪ್ಪಿದಂತೆ. ಹಾಗೆಂದು ಸುಳ್ಳನ್ನೂ ಬರೆಯಬೇಡಿ. ನೀವು ಓಟಿಪಿ ಹೇಳಿದ್ದು ಬ್ಯಾಂಕಿನ ದಾಖಲೆಯಲ್ಲಿ ಇರುತ್ತದೆ, ‘ಹೇಳಿಯೇ ಇಲ್ಲ’ ಎಂದರೆ ಮುಂದಿನ ಮಾತೂ ಬಿದ್ದುಹೋಗುತ್ತದೆ. ನಿಯಮ ಕೇಳುವುದು ‘ಸ್ಪಷ್ಟ ಒಪ್ಪಿಗೆ’ಯನ್ನು. ಕಾಕಾ ಅವರಿಗೆ ನಾನು ಬರೆದುಕೊಟ್ಟದ್ದು ಹೀಗಿತ್ತು:

"ನನ್ನ ಹೆಸರಿನ, ಈ ಕೊನೆಯ ನಾಲ್ಕು ಅಂಕಿಗಳ ಕ್ರೆಡಿಟ್ ಕಾರ್ಡ್ ಇಂಥ ದಿನ ನನ್ನ ಮನೆಗೆ ಬಂದಿದೆ. ಇದಕ್ಕೆ ನಾನು ಅರ್ಜಿ ಹಾಕಿಲ್ಲ. ಮೊಬೈಲ್ ಖರೀದಿಯ ಕಂತಿಗೆಂದು ಹೇಳಿ ನನ್ನಿಂದ ಓಟಿಪಿ ಪಡೆಯಲಾಗಿದೆ. ಅದು ಕಾರ್ಡಿಗೆಂದು ಯಾರೂ ತಿಳಿಸಿಲ್ಲ, ಆದ್ದರಿಂದ ಇದು ನನ್ನ ಸ್ಪಷ್ಟ ಒಪ್ಪಿಗೆಯಲ್ಲ. ಕಾರ್ಡನ್ನು ಆಕ್ಟಿವೇಟ್ ಮಾಡಿಲ್ಲ, ಬಳಸಿಲ್ಲ. ಕೋರದೆ ಕೊಟ್ಟ ಈ ಕಾರ್ಡನ್ನು ರದ್ದುಪಡಿಸಿ, ಬಾಕಿ ಇಲ್ಲವೆಂದು ಲಿಖಿತವಾಗಿ ತಿಳಿಸಿ, ಸಾಲದ ವರದಿಯಲ್ಲಿನ ಎನ್‌ಕ್ವೈರಿಯನ್ನು ಹಿಂಪಡೆಯಬೇಕು. ಅರ್ಜಿಯ ಪ್ರತಿ ಮತ್ತು ಅದನ್ನು ತಂದ ಏಜೆಂಟರ ವಿವರ ಕೊಡಬೇಕು."

ಕೊನೆಯ ಸಾಲನ್ನು ಬಿಡಬೇಡಿ. ಅರ್ಜಿಯ ಪ್ರತಿ ಕೇಳಿದ ಕೂಡಲೇ ಆ ಕಡೆಯ ದನಿ ಮೆತ್ತಗಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಕಾರ್ಡಿನ ಮೇಲೆ ಅಂಗಡಿಯದ್ದೋ ಆ್ಯಪ್‌ನದ್ದೋ ಹೆಸರು ದೊಡ್ಡದಾಗಿ ಇರಬಹುದು. ದೂರು ಅವರಿಗಲ್ಲ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಬ್ಯಾಂಕು ಕೊಟ್ಟದ್ದೆಂದು ಇರುತ್ತದೆ, ಆ ಬ್ಯಾಂಕಿಗೆ. ಇಮೇಲ್ ಮಾಡಿ, ಅದರ ಪ್ರತಿಯನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ. ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ.

ನಿಯಮ ನಿಮ್ಮ ಬೆನ್ನಿಗಿದೆ. ರಿಸರ್ವ್ ಬ್ಯಾಂಕಿನ ಆ ನಿಯಮದಂತೆ ಕೋರದೆ ಕಾರ್ಡ್ ಕೊಡುವುದು ನಿಷಿದ್ಧ. ಹಾಗೆ ಕೊಟ್ಟ ಕಾರ್ಡನ್ನು ಒಪ್ಪಿಗೆ ಇಲ್ಲದೆ ಚಾಲೂ ಮಾಡಿ ಬಿಲ್ಲು ಹಾಕಿದರೆ ಬ್ಯಾಂಕು ಆ ಶುಲ್ಕ ಮರಳಿಸುವುದಲ್ಲದೆ ಅದರ ಎರಡರಷ್ಟು ದಂಡವನ್ನು ನಿಮಗೆ ಕೊಡಬೇಕು. ಅಂಥ ಕಾರ್ಡಿನ ದುರ್ಬಳಕೆಯ ನಷ್ಟವೂ ಬ್ಯಾಂಕಿನದ್ದೇ. ಕಾರ್ಡು ಕೊಟ್ಟು 30 ದಿನವಾದರೂ ಆಕ್ಟಿವೇಟ್ ಆಗದಿದ್ದರೆ ಬ್ಯಾಂಕು ಓಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ ಏಳು ಕೆಲಸದ ದಿನಗಳಲ್ಲಿ ಖರ್ಚಿಲ್ಲದೆ ಮುಚ್ಚಬೇಕು. ಆ ಓಟಿಪಿ ಬಂದ ದಿನ ಮತ್ತೆ ಎಡವಬೇಡಿ. ತಾನಾಗಿ ಮುಚ್ಚುತ್ತದೆ ಎಂದು ದೂರು ಬರೆಯದೆ ಕೂರುವುದೂ ಸರಿಯಲ್ಲ, ಎನ್‌ಕ್ವೈರಿ ಹಾಗೆಯೇ ಉಳಿಯುತ್ತದೆ.

ಖರ್ಚಾದ ಕಾರ್ಡಿಗೆ

ನೆಹರೂ ಗಂಜಿನ ಒಬ್ಬ ವ್ಯಾಪಾರಿಗೆ ಬಂದದ್ದು ನೇರವಾಗಿ ವಸೂಲಿಯ ಪತ್ರ. ಕಾರ್ಡು, ಬಿಲ್ಲು, ಓಟಿಪಿ ಎಲ್ಲವೂ ಯಾವುದೋ ದೂರದ ಊರಿನ ವಿಳಾಸಕ್ಕೆ, ಯಾವುದೋ ಮೊಬೈಲಿಗೆ ಹೋಗುತ್ತಿದ್ದವು. ಪ್ಯಾನ್ ಮಾತ್ರ ಇವರದು. ಇಂಥಲ್ಲಿ ಗಡಿಬಿಡಿ ಮಾಡಬೇಕಾದದ್ದೇ. ಮೊದಲು ಬ್ಯಾಂಕಿಗೆ ಹೇಳಿ ಕಾರ್ಡು ಬ್ಲಾಕ್ ಮಾಡಿಸಿ, ‘ವಂಚನೆ’ ಎಂಬ ಶಬ್ದವನ್ನೇ ಬಳಸಿ ದೂರು ಬರೆಯಿರಿ. ವಂಚನೆಯೆಂದು ತಕರಾರು ಮಾಡಿದ ವಹಿವಾಟಿನ ಮೇಲೆ, ತಕರಾರು ಇತ್ಯರ್ಥವಾಗುವವರೆಗೆ ಶುಲ್ಕ ಹಾಕುವಂತಿಲ್ಲ. ಅದೇ ದಿನ 1930ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದಾಖಲಿಸಿ. ಆಮೇಲೆ ಮುದ್ರಿತ ಪ್ರತಿ ಹಿಡಿದು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಬೇರೆಯವರ ಗುರುತು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಅಪರಾಧ, ಮೂರು ವರ್ಷದವರೆಗೆ ಸಜೆ ಇದೆ. ಸ್ವೀಕೃತಿ ಪಡೆಯದೆ ಬರಬೇಡಿ, ಬ್ಯಾಂಕು ಮೊದಲು ಕೇಳುವುದು ಅದನ್ನೇ.

ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ನೋಡಿ. ಗಂಜಿನವರ ಹೆಸರಿನಲ್ಲಿ ಅವರಿಗೆ ಗೊತ್ತಿಲ್ಲದ ಒಂದು ನಂಬರಿತ್ತು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ದಿನಾಂಕ, ಹೊತ್ತು ಬರೆದಿಟ್ಟು ಅದನ್ನೂ ದೂರಿಗೆ ಸೇರಿಸಿ.

ಉತ್ತರ ಬರದಿದ್ದರೆ

ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಹಾರಿಕೆಯ ಉತ್ತರ ಕೊಟ್ಟರೆ, ತಡ ಮಾಡದೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ‘ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್’ ತಾಣದಲ್ಲಿ ದಾಖಲಿಸಬಹುದು, ಕಾಗದದಲ್ಲಿ ಬರೆದು ಚಂಡೀಗಢದ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲೂ ಕಳುಹಿಸಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಮೊದಲು ಬ್ಯಾಂಕಿಗೆ ಬರೆಯದೆ ನೇರ ಇಲ್ಲಿಗೆ ಹೋದರೆ ತಿರುಗಿಸಿ ಕಳುಹಿಸುತ್ತಾರೆ.

ಸಾಲದ ವರದಿಯಲ್ಲಿನ ತಪ್ಪಿಗೆ ಆಯಾ ಸಂಸ್ಥೆಯ ತಾಣದಲ್ಲಿ ಬೇರೆಯಾಗಿ ತಕರಾರು ಹಾಕಬೇಕು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ ನಿಮಗೆ 100 ರೂಪಾಯಿ ಪರಿಹಾರ ಸಲ್ಲಬೇಕು. ಈ ನಿಯಮ 2024ರ ಏಪ್ರಿಲ್‌ನಿಂದ ಇದೆ, ಕೇಳಿ ಪಡೆಯುವವರು ಕಡಿಮೆ.

ಕಾಕಾ ಅವರ ಬ್ಯಾಂಕು ಹನ್ನೊಂದನೆಯ ದಿನ ಕಾರ್ಡು ರದ್ದಾಗಿದೆ, ಬಾಕಿ ಏನೂ ಇಲ್ಲ ಎಂದು ಇಮೇಲ್ ಕಳುಹಿಸಿತು. ಏಜೆಂಟನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಎನ್‌ಕ್ವೈರಿ ಅಳಿಸಲು ಇನ್ನೂ ಎರಡು ಪತ್ರ, ಒಂದು ತಕರಾರು ಬೇಕಾಯಿತು. ಎರಡು ತಿಂಗಳ ನಂತರ ತೆಗೆದ ವರದಿಯಲ್ಲಿ ಮೊಬೈಲ್ ಕಂತಿನ ಸಾಲ ಮಾತ್ರ ಉಳಿದಿತ್ತು.

ಪ್ಲಾಸ್ಟಿಕ್ ಕಾರ್ಡನ್ನು ನಾಶ ಮಾಡುವುದು ರದ್ದತಿಯ ಲಿಖಿತ ಉತ್ತರ ಕೈಗೆ ಬಂದ ಮೇಲೆ. ಚಿಪ್ಪಿನ ನಡುವೆ ಒಂದು ಸಲ, ಹಿಂಬದಿಯ ಕಪ್ಪು ಪಟ್ಟಿಯ ಮೇಲೆ ಎರಡು ಸಲ, ನಂಬರಿನ ಸಾಲಿನ ಮೇಲೆ ಅಡ್ಡಡ್ಡ ಕತ್ತರಿಸಬೇಕು. ಮನೆಯ ಕತ್ತರಿ ಚಿಪ್ಪಿನ ಮೇಲೆ ಜಾರುತ್ತಿತ್ತು. ಚಿಗವ್ವ ಎಲೆ ಅಡಿಕೆಯ ತಟ್ಟೆಯಿಂದ ಅಡಕೊತ್ತು ತಂದುಕೊಟ್ಟರು.